ಮನ್ಯಾಗಿನ ಟಿ.ವಿ. ಟಾಕೀಜ್ ಅಲ್ರೀ

"ಇಷ್ಟ ದೊಡ್ಡ ಟಿ.ವಿ. ತಂದು ಗ್ವಾಡಿಗೆ ಹಾಕ್ಸೇನಿ, ಇನ್ನ ಥೇಟರಿಗೆ ಯಾಕ ಹೋಗಬೇಕು?" ಅಂತ ನಮ್ಮ ಮನಿಯವರು ಕೇಳ್ತಾರ. ನಿಮ್ಮ ಮನ್ಯಾಗೂ ಇದ ಮಾತು ನಡದಿರಬೇಕು. ಟಿ.ವಿ. ಛಲೋ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಅದರ ಮುಂದ ನಾನು ಒಂದ ಸಿನಿಮಾ ಪೂರ್ತಿ ಕೂತು ನೋಡಿದ್ದು ನೆನಪಿಲ್ಲ. ಹೀರೋಯಿನ್ ಅಳೋ ಹೊತ್ತಿಗೇ ಕುಕ್ಕರ್ ಸೀಟಿ ಹೊಡೀತದ, ಅತ್ತಿಯವರ ಗುಳಿಗಿ ವ್ಯಾಳ್ಯಾ ಆಗಿರ್ತದ.

ಹುಬ್ಬಳ್ಳಿ ಓಣ್ಯಾಗ ಬೆಳದ ನಮಗ ಟಾಕೀಜ್ ಅಂದ್ರ ಬರೇ ಸಿನಿಮಾ ಆಗಿರಲಿಲ್ಲ. ನಾ ಹೈಸ್ಕೂಲಿನ್ಯಾಗ ಇದ್ದೆ, 1994ರಾಗ 'ಹಾಲುಂಡ ತವರು' ಬಂತು, ವಿಷ್ಣುವರ್ಧನ್-ಸಿತಾರಾಂದು. ಮೂರರ ಮ್ಯಾಟಿನಿಗೆ ಓಣಿ ಹೆಂಗಸರೆಲ್ಲಾ ತಯಾರು. ಎದುರುಮನಿ ಮಾಮಿ ಮುಂಜಾನಿಂದ "ಭಕ್ರಿ ಲಗೂ ಬಡದ ಬಿಡ್ರೇ" ಅಂತ ಒದರೋರು. ಲೇಡೀಸ್ ಟಿಕೆಟ್ಟಿನ ಕಿಟಕಿ ಬ್ಯಾರೆ ಇತ್ತು. ಅದರ ಸಣ್ಣ ತೂತಿನ್ಯಾಗ ನಾಕ ಕೈ ಒಮ್ಮೆಲೇ ಹೋಗಿ ಬಳಿ ಒಡೀತಿದ್ವು. ಖುರ್ಚ್ಯಾಗ ತಗಣಿ, ಗೇಟಿನ ಹತ್ರ ಸೀಟಿ ಹೊಡಿಯೋ ಹುಡುಗ್ರು, ಎಲ್ಲಾ ಇತ್ತು. ಅದನ್ನೇನು ಸ್ವರ್ಗ ಅನ್ನಂಗಿಲ್ಲ ನಾ.

ಆದ್ರ ದೀಪ ಆರಿದ ಮ್ಯಾಲೆ ನಮ್ಮ ಸಾಲಿನ ಹೆಂಗಸರು ಅತ್ತದ್ದು ಇನ್ನೂ ಕಣ್ಣಾಗ ಅದ. ಮನ್ಯಾಗ ಒಂದ ಹನಿ ಕಣ್ಣೀರ ತಗೀದ ಕಾಕು ಒಬ್ರು ಸೆರಗು ಬಾಯಿಗೆ ಹಿಡದು ಬಿಕ್ಕಿ ಬಿಕ್ಕಿ ಅತ್ರು. ಅವರು ಸಿತಾರಾನ ಸಂಬಂಧ ಅತ್ತಿರಲಿಲ್ಲ ಅಂತ ನನಗ ಈಗ ಅನಸ್ತದ. ಮನ್ಯಾಗ ಅತ್ರ "ಏನಾತು, ಯಾರೇನಂದ್ರು" ಅಂತ ಜವಾಬು ಕೊಡಬೇಕು. ಅಲ್ಲೆ ಕೇಳವರ ಇಲ್ಲ. ಮೂರ ತಾಸು ಯಾರೂ ನಿಮ್ಮನ್ನ ಕರಿಯಂಗಿಲ್ಲ.

ಅಂಥಾ ಜಾಗಾ ಈಗ ಎಲ್ಲದ? ನಮ್ಮ ಓಣಿ ಟಾಕೀಜು ಮುಚ್ಚಿ ಅಂಗಡಿ ಸಾಲಾತು. ಮಾಲಿಗೆ ಹೋಗಬೇಕಂದ್ರ ಟಿಕೆಟ್ ಮೊಬೈಲಿನ್ಯಾಗ, ಮೊಬೈಲಿನ ರೊಕ್ಕ ಯಜಮಾನ್ರ ಅಕೌಂಟಿನ್ಯಾಗ. 2025ರ ಸಪ್ಟೆಂಬರಿನ್ಯಾಗ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕ್ತು, ಅದ ತಿಂಗಳ ಹೈಕೋರ್ಟು ತಡೆ ಕೊಡ್ತು. ನಾಕ ಮಂದಿ ಹೋಗಿ ಪಾಪ್‌ಕಾರ್ನ್ ತಿಂದು ಬರೋದರಾಗ ತಿಂಗಳ ಕಾಯಿಪಲ್ಯದ ರೊಕ್ಕ ಖಾಲಿ. 2023ರಿಂದ ನಮಗ ಬಸ್ಸೇನೋ ಫ್ರೀ ಆಗೇದ. ಇಳದು ಹೋಗಿ ಮೂರ ತಾಸು ಕೂಡಲಿಕ್ಕೆ ಗುಡಿ ಬಿಟ್ರ ಬ್ಯಾರೆ ಜಾಗಾ ಇಲ್ಲ. ಗುಡ್ಯಾಗೂ ಮನಿ ಮಂದಿದ ಹೆಸರಲೇ ಅರ್ಚನಿ ಮಾಡ್ಸತೇವಿ, ಬಿಡ್ರಿ.

ಉಳದ ಒಂದೆರಡ ಹಳೇ ಟಾಕೀಜಿನವರು ವಾರದಾಗ ಒಂದ ಮ್ಯಾಟಿನಿ ಹೆಂಗಸರಿಗಂತ ಕಡಿಮಿ ರೇಟಿಗೆ ಇಟ್ರ ಛಲೋ. ಹೆಂಗೂ ಆ ಹೊತ್ತಿಗೆ ಖುರ್ಚಿ ಖಾಲೀನ ಇರ್ತಾವ. ಆದ್ರ ಅವರು ಇಡಬೇಕಂದ್ರ ನಾವು ಹೋಗಬೇಕಲ್ಲ. ಈ ಗುರುವಾರ ನಾನೂ ಮ್ಯಾಲಿನ ಮನಿ ವೈನೀನೂ ಹೊಂಟೇವಿ. ಯಾವ ಸಿನಿಮಾ ಅಂತ ಕೇಳಬ್ಯಾಡ್ರಿ, ಯಾವುದಿದ್ರ ಅದು. ಬರವರಿದ್ರ ಬುಧವಾರ ರಾತ್ರಿ ಒಳಗ ಹೇಳ್ರಿ; ರಾತ್ರಿ ಊಟದ ಚಪಾತಿ ಎಲ್ಲಾರದೂ ನಮ್ಮ ಮನ್ಯಾಗ ಮುಂಜಾನೇನ ಮಾಡಿಟ್ಟು ಹೋಗೋಣು. ಮೊಬೈಲ್ ಮನ್ಯಾಗ ಬಿಟ್ಟ ಬರ್ರಿ.