ಬಿಟ್ಟ ಚೆಂಡಿಗೂ ಲೆಕ್ಕವಿದೆ

ಸಿಕ್ಸರ್ ಹೊಡೆದವನಿಗೆ ಚಪ್ಪಾಳೆ. ಹೊರಗೆ ಹೋಗುವ ಬಾಲನ್ನು ಬಿಟ್ಟವನಿಗೆ ಏನೂ ಇಲ್ಲ. ನಮ್ಮ ಕ್ರಿಕೆಟ್‌ನಲ್ಲಿ ಮಾತ್ರವಲ್ಲ, ಅಮೆರಿಕದ ಬೇಸ್‌ಬಾಲ್‌ನಲ್ಲೂ ಬಹಳ ವರ್ಷ ಹೀಗೆಯೇ ನಡೆಯಿತು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದು ಲೆಕ್ಕದ ತಪ್ಪು ಎನಿಸುತ್ತದೆ.

ಬೇಸ್‌ಬಾಲ್‌ನಲ್ಲಿ ಚೆಂಡು ಬ್ಯಾಟರ್‌ನ ಮುಂದೆ ಒಂದು ಗೊತ್ತಾದ ಜಾಗದೊಳಗೆ ಬರಬೇಕು. ಅದರ ಹೊರಗೆ ಬಂದ ನಾಲ್ಕು ಚೆಂಡುಗಳನ್ನು ಅವನು ಆಡದೆ ಬಿಟ್ಟರೆ ಮೊದಲ ಬೇಸ್‌ಗೆ ನಡೆದು ಹೋಗಬಹುದು. ಇದಕ್ಕೆ 'ವಾಕ್' ಎನ್ನುತ್ತಾರೆ. ಆದರೆ ಬ್ಯಾಟಿಂಗ್ ಆವರೇಜ್‌ನಲ್ಲಿ ವಾಕ್ ಸೇರುವುದೇ ಇಲ್ಲ.

ಒಂದು ಉದಾಹರಣೆ ನೋಡಿ. ಇಬ್ಬರು ತಲಾ 100 ಬಾರಿ ಬ್ಯಾಟಿಂಗ್‌ಗೆ ಬಂದರು ಎನ್ನೋಣ. ಒಬ್ಬನಿಗೆ 29 ಹಿಟ್, 2 ವಾಕ್. ಇನ್ನೊಬ್ಬನಿಗೆ 23 ಹಿಟ್, 16 ವಾಕ್. ಆವರೇಜ್‌ನಲ್ಲಿ ಮೊದಲನೆಯವನೇ ಮೇಲು. ಆದರೆ ಅವನು ಬೇಸ್ ತಲುಪಿದ್ದು 31 ಸಲ, ಎರಡನೆಯವನು 39 ಸಲ. ಒಂಬತ್ತು ಇನ್ನಿಂಗ್ಸ್‌ಗೆ ತಂಡದ ಬಂಡವಾಳ 27 ಔಟ್ ಮಾತ್ರ. ಅದನ್ನು ಉಳಿಸಿಕೊಡುವವನಿಗೆ ಬೆಲೆ ಬೇಡವೇ?

'ಆನ್-ಬೇಸ್ ಪರ್ಸೆಂಟೇಜ್' ಎಂಬ ಅಳತೆ ವಾಕನ್ನೂ ಸೇರಿಸಿಕೊಳ್ಳುತ್ತದೆ. 2002ರಲ್ಲಿ ಹಣ ಕಡಿಮೆ ಇದ್ದ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ ಇದನ್ನು ನೋಡಿಯೇ ಆಟಗಾರರನ್ನು ಅಗ್ಗಕ್ಕೆ ಆರಿಸಿತು. ಅವರಲ್ಲೊಬ್ಬ ಸ್ಕಾಟ್ ಹ್ಯಾಟೆಬರ್ಗ್. ಮೊಣಕೈ ಗಾಯದಿಂದ ಕ್ಯಾಚರ್ ಆಗಿ ಚೆಂಡು ಎಸೆಯಲಾಗದವರು. ಆ ವರ್ಷ ಅವರ ಆವರೇಜ್ .280, ಆನ್-ಬೇಸ್ .374. ತಂಡ ಸತತ 20 ಪಂದ್ಯ ಗೆದ್ದಿತು. 20ನೆಯದನ್ನು ಗೆಲ್ಲಿಸಿದ್ದು ಹ್ಯಾಟೆಬರ್ಗ್ ಹೊಡೆದ ಹೋಮ್ ರನ್. ತಾಳ್ಮೆಯಿಂದ ಬಿಡುವವನಿಗೆ ಹೊಡೆಯಲು ಬರುವುದಿಲ್ಲ ಎಂದಲ್ಲ, ಅವನು ಸರಿಯಾದ ಚೆಂಡಿಗೆ ಕಾಯುತ್ತಾನೆ. ಸುಮಾರು ಮೂರು ಪಟ್ಟು ಸಂಬಳ ಕೊಟ್ಟ ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದು 103 ಪಂದ್ಯ. ಓಕ್‌ಲ್ಯಾಂಡ್ ಗೆದ್ದದ್ದೂ 103.

ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಓಕ್‌ಲ್ಯಾಂಡ್ ಸೋತಿತು, ನಿಜ. ಆದರೆ ಐದು ಪಂದ್ಯಗಳ ಸರಣಿಗಿಂತ ಇಡೀ ವರ್ಷದ ಖಾತೆಯನ್ನೇ ನಾನು ನಂಬುತ್ತೇನೆ.

ಬೇಸ್‌ಬಾಲ್ ಅಂಕಿಅಂಶಗಳ ಈ ಅಧ್ಯಯನಕ್ಕೆ 'ಸೇಬರ್‌ಮೆಟ್ರಿಕ್ಸ್' ಎಂದು ಹೆಸರು. ಅಲ್ಲಿನ ಸಂಶೋಧಕರ ಸಂಘದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದ ಪದ ಅದು. ನಮ್ಮ ಮನೆಯ ಉರ್ದುವಿನಲ್ಲಿ 'ಸಬ್ರ್' ಎಂದರೆ ತಾಳ್ಮೆ. ಎರಡಕ್ಕೂ ನಂಟಿಲ್ಲ; ಆದರೂ ಅರ್ಥ ಎಷ್ಟು ಚೆನ್ನಾಗಿ ಹೊಂದುತ್ತದೆ!

ನಮ್ಮ ನೋಟಿಸ್ ಬೋರ್ಡ್‌ನಲ್ಲಿ ಟಾಪರ್‌ಗಳ ಫೋಟೋ ಇರಲಿ, ಅವರು ದುಡಿದು ಗಳಿಸಿದ್ದು ಅದು. ಅದರ ಪಕ್ಕದಲ್ಲಿ, ಮೊದಲ ಟೆಸ್ಟ್‌ನಿಂದ ಪ್ರಿಪರೇಟರಿವರೆಗೆ ಒಂದು ವಿಷಯದಲ್ಲೂ ಫೇಲ್ ಆಗದವರ ಪಟ್ಟಿಯೂ ಬರಲಿ. ಕೆಲಸಕ್ಕೆ ಹೋಗುತ್ತಾ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾ ಪ್ರತಿ ಟೆಸ್ಟ್‌ನಲ್ಲೂ ಔಟಾಗದೆ ನಿಂತವರು ನಮ್ಮ ತರಗತಿಯಲ್ಲೇ ಇದ್ದಾರೆ. ಲೆಕ್ಚರರ್‌ಗಳು ಈ ಬಗ್ಗೆ ಯೋಚಿಸಬೇಕೆಂದು ನನ್ನ ವಿನಂತಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ