ನೆರೆಯವರ ಸ್ವಾತಂತ್ರ್ಯದ ದಿನ

ನರಗುಂದದ ಬೆಟ್ಟವು ಎರೆಹೊಲಗಳ ನಡುವೆ ಒಂಟಿಯಾಗಿ ನಿಂತು ದೂರದಿಂದಲೇ ದಾರಿಹೋಕರ ಕಣ್ಣಿಗೆ ಬೀಳುತ್ತದೆ. 1858ರಲ್ಲಿ ಈ ಸಂಸ್ಥಾನದ ದೊರೆ ಬಾಬಾಸಾಹೇಬ ಭಾವೆಯವರು ಬ್ರಿಟಿಷರ ವಿರುದ್ಧ ಶಸ್ತ್ರವೆತ್ತಿದರು. ಅವರ ದತ್ತಕಕ್ಕೆ ಅನುಮತಿ ನಿರಾಕರಿಸಲಾಗಿತ್ತು. ಪ್ರಜೆಗಳ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಿತ್ತು. ಕೆಲವೇ ದಿನಗಳಲ್ಲಿ ಕೋಟೆಯು ಶತ್ರುವಶವಾಯಿತು. ಅದೇ ವರ್ಷದ ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನವು ಅಳಿಯಿತು, ಅದರ ನೆನಪು ಮಾತ್ರ ಅಳಿಯಲಿಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಶಾಲೆಗಳಲ್ಲಿ ಆಗಸ್ಟ್ 15ರಂದು ತ್ರಿವರ್ಣ ಧ್ವಜವು ಹಾರುವಾಗ, ಗೆದ್ದವರ ಜೊತೆಗೆ ಸೋತು ಮಡಿದವರಿಗೂ ಆ ವಂದನೆಯು ಸಲ್ಲುತ್ತದೆ.

ಇಂಥ ನೆನಪನ್ನು ಎದೆಯಲ್ಲಿರಿಸಿಕೊಂಡ ಮತ್ತೊಂದು ಜನಸಮುದಾಯವು ಈ ಸೀಮೆಗೆ ಬಹು ದೂರದಲ್ಲಿಲ್ಲ. ನರಗುಂದದಿಂದ ಹುಬ್ಬಳ್ಳಿಯನ್ನು ಹಾದು ದಕ್ಷಿಣಕ್ಕೆ ಹೋದರೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡು ಸಿಗುತ್ತದೆ. ಅಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಸ್ಥಾಪನೆಯಾಯಿತು. ಅದಕ್ಕೂ ಮೊದಲು ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಅವರಿಗೆ ಭೂಮಿಯನ್ನು ಕೊಟ್ಟಿತ್ತು. ಹಿಮದ ನಾಡಿನಿಂದ ಬಂದವರು ಬಿಸಿಲಿನ ನಾಡಿನಲ್ಲಿ ಕಾಡು ಕಡಿದು, ಕಾಯಿಲೆಗಳಿಗೆ ತುತ್ತಾಗಿ, ಮೆಕ್ಕೆಜೋಳವನ್ನು ಬೆಳೆದು ನೆಲೆ ನಿಂತರು. ಲ್ಹಾಸಾದ ಬಳಿಯಿದ್ದ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಪುರಾತನ ಮಠಗಳು ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದವು.

ಈ ಜನರಿಗೆ ಎರಡು ದಿನಗಳು ಪವಿತ್ರವಾದವು. ಒಂದು ಫೆಬ್ರವರಿ 13. ಚೀನಾದ ಸೇನೆಯು ಲ್ಹಾಸಾವನ್ನು ಹೊಕ್ಕಾಗ ಹದಿಮೂರನೆಯ ದಲೈ ಲಾಮಾ ಅವರು 1910ರಲ್ಲಿ ಭಾರತದಲ್ಲಿ ಆಶ್ರಯ ಪಡೆದಿದ್ದರು. ಚೀನಾದ ಅರಸೊತ್ತಿಗೆಯು ಕುಸಿದ ತರುವಾಯ ಸ್ವದೇಶಕ್ಕೆ ಮರಳಿದ ಅವರು 1913ರಲ್ಲಿ ಟಿಬೆಟ್ ಸ್ವತಂತ್ರವೆಂದು ಸಾರಿದರು. ಆ ಘೋಷಣೆಯ ದಿನವೆಂದು ಫೆಬ್ರವರಿ 13ನ್ನು ನೆನೆಯಲಾಗುತ್ತದೆ. ಜಗತ್ತಿನ ದೊಡ್ಡ ರಾಷ್ಟ್ರಗಳು ಅದಕ್ಕೆ ವಿಧ್ಯುಕ್ತ ಮನ್ನಣೆಯನ್ನು ನೀಡಲಿಲ್ಲ. 1950ರಲ್ಲಿ ಚೀನಾದ ಸೇನೆಯು ಮತ್ತೆ ಬಂದಿತು. ಎರಡನೆಯ ದಿನ ಮಾರ್ಚ್ 10. 1959ರ ಆ ದಿನ ಲ್ಹಾಸಾದ ಜನತೆಯು ದಂಗೆಯೆದ್ದಿತು. ಅದೇ ತಿಂಗಳು ಹದಿನಾಲ್ಕನೆಯ ದಲೈ ಲಾಮಾ ಅವರು ಪರ್ವತಗಳನ್ನು ದಾಟಿ ಭಾರತಕ್ಕೆ ಬಂದರು. ಒಂದು ದಿನ ಸ್ವಾತಂತ್ರ್ಯದ ಹಬ್ಬ, ಇನ್ನೊಂದು ಅದನ್ನು ಕಳೆದುಕೊಂಡವರ ವ್ರತ.

ನೆರೆಯವರ ಇಂಥ ದಿನವನ್ನು ಕನ್ನಡಿಗರು ಗೌರವಿಸಬೇಕೆ? ಇದಕ್ಕೆ ಆಕ್ಷೇಪಗಳುಂಟು. ಆಶ್ರಯ ಕೊಟ್ಟ ನೆಲದಲ್ಲಿ ಬೇರೊಂದು ಧ್ವಜವನ್ನು ಹಿಡಿಯುವವರ ನಿಷ್ಠೆಯು ಎರಡಾಗುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಆದರೆ ತವರನ್ನು ನೆನೆಯುವ ಸೊಸೆಯು ಗಂಡನ ಮನೆಗೆ ದ್ರೋಹ ಬಗೆದಳೆಂದು ಯಾರೂ ಹೇಳಲಾರರು. ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತವು ಆಗಸ್ಟ್ 15ನ್ನೂ ಆಚರಿಸುತ್ತದೆ. 2018ರಲ್ಲಿ ಟಿಬೆಟನ್ನರು ಬೆಂಗಳೂರಿನಲ್ಲಿ ಸಭೆ ಸೇರಿ, ದಲೈ ಲಾಮಾ ಅವರ ಸಮ್ಮುಖದಲ್ಲಿ ಕರ್ನಾಟಕಕ್ಕೆ ಕೃತಜ್ಞತೆಯನ್ನು ಅರ್ಪಿಸಿದರು. ತನ್ನದನ್ನು ಮರೆಯದವನೇ ಪರರ ಉಪಕಾರವನ್ನೂ ಮರೆಯನು.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಟಿಬೆಟ್ ಸ್ವಾಯತ್ತ ಪ್ರದೇಶವು ಚೀನಾದ ಭಾಗವೆಂದು ಭಾರತವು 2003ರಲ್ಲಿ ಒಪ್ಪಿದೆ. ಸ್ವತಃ ಹದಿನಾಲ್ಕನೆಯ ದಲೈ ಲಾಮಾ ಅವರೂ ಪ್ರತ್ಯೇಕ ರಾಜ್ಯವನ್ನು ಬೇಡದೆ ನಿಜವಾದ ಸ್ವಾಯತ್ತತೆಯನ್ನು ಬಯಸುವ ಮಧ್ಯಮ ಮಾರ್ಗವನ್ನು ಹಿಡಿದಿದ್ದಾರೆ. ಹೀಗಿರುವಾಗ ಆ ದಿನಕ್ಕೆ ಅರ್ಥವೇನು? ರಾಷ್ಟ್ರಗಳ ಗಡಿಗಳನ್ನು ಕುರಿತು ತೀರ್ಮಾನಿಸುವುದು ಸರ್ಕಾರಗಳ ಕಾರ್ಯ. ದುಃಖಿತ ನೆರೆಯವನ ಅಂಗಳದಲ್ಲಿ ಒಂದು ಗಳಿಗೆ ನಿಲ್ಲುವುದು ಮನುಷ್ಯಧರ್ಮ. ಮೊದಲನೆಯದು ಕಠಿನವಾಗಿದೆಯೆಂದು ಎರಡನೆಯದನ್ನು ಬಿಡುವುದು ನ್ಯಾಯವಲ್ಲ. ಬಾಬಾಸಾಹೇಬರನ್ನು ಅಂದಿನ ಸರ್ಕಾರವು ದಂಗೆಕೋರರೆಂದು ಕರೆದಿತ್ತು. ಜನರು ಆ ಮಾತನ್ನೇ ಕಡೆಯ ಮಾತೆಂದು ನಂಬಿದ್ದರೆ ನರಗುಂದದ ನೆನಪು ಇಂದು ಉಳಿಯುತ್ತಿರಲಿಲ್ಲ.

ಹಾಗೆಂದು ಗೌರವಿಸಲು ಮೆರವಣಿಗೆ, ಭಾಷಣಗಳ ಅಗತ್ಯವಿಲ್ಲ. ಪರ್ವತಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದ ತಲೆಮಾರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಅವರ ಮೊಮ್ಮಕ್ಕಳು ಕಾಣದ ನಾಡನ್ನು ಕೇಳಿಯೇ ಅರಿಯಬೇಕು. ನೆರೆಯ ಊರುಗಳ ವಿದ್ಯಾರ್ಥಿಗಳು ಆ ದಿನ ವಸಾಹತಿಗೆ ಹೋಗಿ, ಒಬ್ಬ ವೃದ್ಧರ ಪಕ್ಕದಲ್ಲಿ ಕುಳಿತು ಅವರ ಕಥೆಯನ್ನು ಕೇಳಿದರೆ ಅದೇ ದೊಡ್ಡ ಗೌರವ. ಪ್ರತಿಯಾಗಿ ನರಗುಂದದ ಬೆಟ್ಟದ ಕಥೆಯನ್ನು ಅವರಿಗೆ ಹೇಳಬಹುದು. ಕೇಳುವವರಿರುವ ತನಕ ಸೋತವರ ದಿನವು ಅಳಿಯುವುದಿಲ್ಲ. ಕನ್ನಡ ನಾಡು ಈ ಅತಿಥಿಗಳಿಗೆ ಭೂಮಿಯನ್ನು ಕೊಟ್ಟಿತು. ಅವರ ನೆನಪಿಗೂ ಇಷ್ಟು ಸ್ಥಳವನ್ನು ಕೊಟ್ಟಾಗಲೇ ಆ ಆತಿಥ್ಯವು ಪೂರ್ಣವಾಗುತ್ತದೆ.