ಓಟಕ್ಕೆ ಬಂದ ಮಗ, ಮನೆಗೆ ಬಂದ ಮಗ

ಸ್ವಾಮಿಕಾರ್ಯದೊಡನೆ ಸ್ವಕಾರ್ಯವೂ ಆಗಲಿ ಎಂಬುದು ನಮ್ಮ ಹಿರಿಯರ ಹಳೆಯ ಲೆಕ್ಕ. ಜಾತ್ರೆಗೆ ಹೊರಟವರು ಆ ಊರಿಗೆ ಕೊಟ್ಟ ಮಗಳ ಮನೆಯಲ್ಲಿ ಒಂದು ರಾತ್ರಿ ತಂಗುತ್ತಿದ್ದರು. ದನದ ಸಂತೆಗೆ ಹೋದವರು ಬೀಗರನ್ನು ಕಂಡು ಬರುತ್ತಿದ್ದರು. ಪ್ರಯಾಣವು ದುರ್ಲಭವಾಗಿದ್ದ ಕಾಲದಲ್ಲಿ ಒಂದು ದಾರಿಗೆ ಎರಡು ಕೆಲಸ ಕೂಡಿಸುವುದು ಜಾಣತನವೇ ಆಗಿತ್ತು. ಈಗ ಜಾತ್ರೆ ಸಂತೆಗಳ ಸಾಲಿಗೆ ಹೊಸದೊಂದು ಬಂದು ಸೇರಿದೆ. ನಮ್ಮ ಮನೆಗಳ ಯುವಕ ಯುವತಿಯರು, ಐವತ್ತು ದಾಟಿದ ಗೃಹಸ್ಥರು ಸಹ, ಓಡುವುದಕ್ಕಾಗಿಯೇ ದೂರದ ಊರುಗಳಿಗೆ ಪ್ರಯಾಣ ಮಾಡುತ್ತಿದ್ದಾರೆ. ಆ ಊರಿನ ಆಸುಪಾಸಿನಲ್ಲಿ ತಂದೆತಾಯಿಯೋ ಅಕ್ಕನೋ ಸೋದರಮಾವನೋ ಇದ್ದರೆ, "ಹೇಗೂ ಬರುತ್ತಿದ್ದೇನೆ, ನಿಮ್ಮನ್ನೂ ನೋಡಿಕೊಂಡು ಹೋಗುತ್ತೇನೆ" ಎಂದು ಫೋನಿನಲ್ಲಿ ತಿಳಿಸುತ್ತಾರೆ. ಈ ತಿಂಗಳು ಆ 'ಹೇಗೂ' ಎಂಬ ಒಂದು ಮಾತಿನ ಕುರಿತು ಓದುಗ ಬಂಧುಗಳೊಡನೆ ವಿಚಾರ ಮಾಡಬೇಕೆನಿಸಿದೆ.

ಮ್ಯಾರಥಾನ್ ಎಂಬ ದೀರ್ಘ ಓಟವು ಆಧುನಿಕ ಕ್ರೀಡೆಯಾಗಿ ಕಾಣಿಸಿಕೊಂಡದ್ದು 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ. ಮರುವರ್ಷ, 1897ರಲ್ಲಿ, ಅಮೆರಿಕದ ಬಾಸ್ಟನ್ ನಗರದ ವಾರ್ಷಿಕ ಓಟ ಮೊದಲಾಯಿತು. ಇಂದು ನಿಗದಿಯಾಗಿರುವ 42.195 ಕಿ.ಮೀ. ಅಂತರವು 1908ರ ಲಂಡನ್ ಒಲಿಂಪಿಕ್ಸ್‌ನಿಂದ ಬಂದುದು; ಅದರಲ್ಲಿ ಅರ್ಧ, ಅಂದರೆ 21 ಕಿ.ಮೀ.ಗೆ ತುಸು ಹೆಚ್ಚು, ಓಡುವುದು ಅರ್ಧ ಮ್ಯಾರಥಾನ್. ನಮ್ಮಲ್ಲಿ 2004ರಲ್ಲಿ ಮುಂಬಯಿಯ ಓಟವೂ 2008ರಲ್ಲಿ ಬೆಂಗಳೂರಿನ 10 ಕಿ.ಮೀ. ಓಟವೂ ಆರಂಭವಾದ ಮೇಲೆ ಈ ಹವ್ಯಾಸ ಊರೂರಿಗೆ ಹಬ್ಬಿತು. ಇತ್ತೀಚಿನ ವರ್ಷಗಳಲ್ಲಿ ಮಂಗಳೂರಿನಲ್ಲಿಯೂ ನವೆಂಬರ್ ತಿಂಗಳಲ್ಲಿ ಇಂಥ ಓಟ ನಡೆಯುತ್ತಿದೆ. ನಾನು ಹೇಳಹೊರಟಿರುವ ಸಂಗತಿ ಈ ಮಂಗಳೂರಿನ ಓಟಕ್ಕೆ ಸೇರಿದುದು.

ಬಂಟ್ವಾಳ ತಾಲ್ಲೂಕಿನ ನರಿಕೊಂಬು ಪಾಣೆಮಂಗಳೂರಿಗೆ ಸಮೀಪದ, ನೇತ್ರಾವತಿಯ ತೀರದ ಗ್ರಾಮ. ತೆಂಗು, ಅಡಿಕೆ, ನಡುನಡುವೆ ಗದ್ದೆ. ಮಂಗಳೂರಿಗೆ ಅಲ್ಲಿಂದ ಸುಮಾರು 25 ಕಿ.ಮೀ. ಧಾರವಾಡದ ಕಡೆಯಿಂದ ಶಿಕ್ಷಕ ವೃತ್ತಿಗೆಂದು ಆ ಸೀಮೆಗೆ ಹೋಗಿ, ನಿವೃತ್ತಿಯ ಬಳಿಕ ಅಲ್ಲಿಯೇ ನೆಲೆಸಿದ ಒಬ್ಬ ಮಾಸ್ತರರ ಮನೆಯಲ್ಲಿ ನಾನು ವರ್ಷಕ್ಕೊಮ್ಮೆ ಒಂದೆರಡು ದಿನ ಇದ್ದು ಬರುವುದುಂಟು. ಮಾಸ್ತರರಿಗೆ ಎಪ್ಪತ್ತಾರು ದಾಟಿದೆ. ಒಬ್ಬನೇ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ; ವೈದ್ಯರು ಸಕ್ಕರೆ ಕಾಯಿಲೆಯ ಸೂಚನೆ ಕೊಟ್ಟ ಮೇಲೆ ಬೆಳಗಿನ ನಡಿಗೆ ಹಿಡಿದು, ನಡಿಗೆಯಿಂದ ಓಟಕ್ಕೆ ಬಂದವನು.

ಮೂರು ವರ್ಷಗಳ ಹಿಂದೆ ಅವನು ಮಂಗಳೂರಿನ ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟು, "ಹೇಗೂ ಬರುತ್ತಿದ್ದೇನೆ" ಎಂದು ಮನೆಗೆ ತಿಳಿಸಿದ. ತಾಯಿ ಶನಿವಾರವೇ ಹೋಳಿಗೆಗೆ ಕಡಲೆಬೇಳೆ ಬೇಯಿಸಿದರು. ತಂದೆ ಶುಕ್ರವಾರದಿಂದಲೇ ಜಗಲಿಯಲ್ಲಿ ಕುಳಿತರು. ಮಗ ಶನಿವಾರ ನೇರವಾಗಿ ಮಂಗಳೂರಿಗೆ ಹೋಗಿ, ಎದೆಗೆ ಕಟ್ಟಿಕೊಳ್ಳುವ ಸಂಖ್ಯೆಯ ಚೀಟಿ ಪಡೆದು, ವಸತಿಗೃಹದಲ್ಲಿ ಮಲಗಿದ. ಭಾನುವಾರ ಓಡಿ, ಮಧ್ಯಾಹ್ನ ಮನೆಗೆ ಬಂದು, ಎರಡು ತುತ್ತು ಉಂಡು, ಸಂಜೆಯವರೆಗೆ ಮಲಗಿ, ರಾತ್ರಿ ಬಿ.ಸಿ.ರೋಡಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿದ. ಎಚ್ಚರವಾಗಿ ತಂದೆಯೊಡನೆ ಕುಳಿತದ್ದು ಒಟ್ಟು ಎರಡು ಗಂಟೆಯೂ ಇಲ್ಲ. ಮುಂದಿನ ತಿಂಗಳು ನಾನು ಹೋದಾಗ ಮಾಸ್ತರರು ಕೋಪವಿಲ್ಲದ ದನಿಯಲ್ಲಿ ಅಂದರು: "ಶಾಸ್ತ್ರಿಗಳೇ, ಮಗ ಮಂಗಳೂರಿಗೆ ಬಂದಿದ್ದ. ನಾವು ಹಾದಿಯೊಳಗ ಇದ್ವಿ, ಅಷ್ಟ."

ಈ ಮಾತನ್ನು ಕೇಳಿ ಮಗನ ಮೇಲೆಯೇ ತಪ್ಪು ಹೊರಿಸುವುದು ಸುಲಭ. ನಾನೂ ಮೊದಲು ಹಾಗೆಯೇ ಎಣಿಸಿದೆ. ಆದರೆ ಅವನನ್ನು ವಿಚಾರಿಸಿದಾಗ ಇನ್ನೊಂದು ಪಕ್ಷ ತಿಳಿಯಿತು. ಓಟ ಮೊದಲಾಗುವುದು ನಸುಕಿಗೆ ಮುಂಚೆ. ಮನೆಯಿಂದ ಹೊರಡಬೇಕಾದರೆ ಮೂರು ಗಂಟೆಗೆ ಏಳಬೇಕು. ಅಪ್ಪ ಅವ್ವನ ನಿದ್ದೆ ಕೆಡುತ್ತದೆ. ಆದುದರಿಂದ ವಸತಿಗೃಹ. ಕರಾವಳಿಯ ಹವೆಯಲ್ಲಿ ತೇವ ಹೆಚ್ಚು; ಬೆವರು ಆರದಿದ್ದರೆ ದೇಹ ತಣಿಯದು, ಒಳನಾಡಿನಲ್ಲಿ ಅಭ್ಯಾಸ ಮಾಡಿದವನಿಗೆ ಅದೇ ವೇಗ ಇಲ್ಲಿ ದುಪ್ಪಟ್ಟು ಭಾರವೆನಿಸುತ್ತದೆ. ಹಿಂದಿನ ದಿನ ಜಿಡ್ಡು, ಖಾರ, ನಾರು ಹೆಚ್ಚಾಗಿರುವ ಊಟ ಮಾಡಿದರೆ ಓಡುವಾಗ ಹೊಟ್ಟೆ ಕೆಡುತ್ತದೆ. ಬೇಕಾದುದು ಅಭ್ಯಾಸವಿರುವ ಸಾದಾ ಅನ್ನ. ಅದು ಸ್ನಾಯುಗಳಲ್ಲಿ ಶಕ್ತಿಯ ದಾಸ್ತಾನಾಗಿ ನಿಲ್ಲುತ್ತದೆ. ತಾಯಿಯ ಹೋಳಿಗೆಗೆ ಬೇಡವೆನ್ನುವುದು ಹೇಗೆ ಎಂಬ ಸಂಕೋಚದಿಂದ ಅವನು ಮನೆಯಿಂದಲೇ ದೂರ ಉಳಿದ. "ಅಪ್ಪಗ ತ್ರಾಸ ಆಗಬಾರದು ಅಂತ ಹೇಳಲಿಲ್ಲರೀ" ಎಂದ.

ಮಾಸ್ತರರಾದರೋ ನಾಲ್ಕು ಗಂಟೆಗೆ ದಿನವೂ ತಾವಾಗಿಯೇ ಏಳುವವರು! ಮಗ ತಂದೆಯ ನಿದ್ದೆಯನ್ನು ಉಳಿಸಲು ಹೋದ. ತಂದೆ ಮಗನಿಗೆ ಹೊರೆಯಾಗಬಾರದೆಂದು, "ಓಟಕ್ಕೆ ಎಷ್ಟು ದಿನ ಮೊದಲು ಬರುತ್ತೀ" ಎಂದು ಕೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಉಪಚರಿಸಿದರು, ಇಬ್ಬರೂ ನೊಂದರು. ಸಂಸಾರದಲ್ಲಿ ಬಹುಪಾಲು ದುಃಖ ಪ್ರೀತಿಯ ಕೊರತೆಯಿಂದ ಬರುವುದಿಲ್ಲ. ಕೇಳದೆ ಊಹಿಸುವುದರಿಂದ ಬರುತ್ತದೆ.

ಓಟವೂ ಮನೆಯೂ ಒಂದಕ್ಕೊಂದು ವಿರೋಧವೆಂದು ಇದರಿಂದ ತಿಳಿಯಬಾರದು. ಅದೇ ಸೀಮೆಯ ಕಂಬಳವನ್ನು ನೋಡಿರಿ. ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿ, ಮೂಡುಬಿದಿರೆ, ಬೆಳ್ತಂಗಡಿ ತಾಲ್ಲೂಕಿನ ವೇಣೂರು ಇವೆಲ್ಲ ಕೆಸರು ಗದ್ದೆಯ ಕೋಣಗಳ ಓಟಕ್ಕೆ ಹೆಸರಾದ ಸ್ಥಳಗಳು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸೀಮೆಯ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶವೆಲ್ಲ ಹಬ್ಬಿತ್ತು. ಪರಊರಿನಲ್ಲಿರುವ ಮಕ್ಕಳು ಕಂಬಳದ ದಿನ ನೋಡಿ ರಜೆ ಹಾಕಿ ಊರಿಗೆ ಬರುತ್ತಾರೆ. ಅಲ್ಲಿ ಓಟಕ್ಕೆ ಬಂದೆಯೋ ಮನೆಗೆ ಬಂದೆಯೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಏಕೆಂದರೆ ಕೋಣ ಮನೆತನದ್ದು, ಗೆಲುವು ಸೋಲು ಮನೆತನದ್ದು, ಗದ್ದೆಯ ಬದುವಿನಲ್ಲಿ ಅಜ್ಜನೂ ಮೊಮ್ಮಗನೂ ಜೊತೆಗೆ ನಿಲ್ಲುತ್ತಾರೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ, ಊರಿನ ಓಟವೇ ಮಕ್ಕಳು ನೆಲೆಸಿದ ನಗರವನ್ನು ಹುಡುಕಿಕೊಂಡು ಹೋದಂತಾಯಿತು. ಮ್ಯಾರಥಾನ್ ಒಬ್ಬನ ಓಟ. ಅದನ್ನು ಮನೆಯ ಓಟವನ್ನಾಗಿ ಮಾಡಿಕೊಳ್ಳುವುದು ಓಡುವವನ ಕೈಯಲ್ಲಿದೆ.

ಇದನ್ನೇ ನಾನು ಆ ಮಗನಿಗೆ ಹೇಳಿದೆ. ಮರುವರ್ಷ ಅವನು ಓಟಕ್ಕೆ ಹಣ ಕಟ್ಟುವ ಮೊದಲು ತಂದೆಗೆ ಫೋನ್ ಮಾಡಿ, "ಆ ವಾರ ನಿಮಗ ಅನುಕೂಲ ಐತೇನು?" ಎಂದು ಕೇಳಿದ. ಗುರುವಾರವೇ ಮನೆಗೆ ಬಂದ. ಶುಕ್ರವಾರ ತಂದೆಯ ಜೊತೆ ಹೋಗಿ ಅವರ ಪಿಂಚಣಿಯ ಬ್ಯಾಂಕಿನ ಕೆಲಸ ಮುಗಿಸಿದ. ಶನಿವಾರ ಏನು ಉಣ್ಣಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಂಬುದನ್ನು ತಾಯಿಗೆ ಮೊದಲೇ ತಿಳಿಸಿದ್ದ. ಅವರು ಅನ್ನ, ತಿಳಿಸಾರು ಮಾಡಿ, ಹೋಳಿಗೆಯನ್ನು ಭಾನುವಾರದ ಮಧ್ಯಾಹ್ನಕ್ಕೆ ಇರಿಸಿದರು. ನಸುಕಿನ ಮೂರೂವರೆಗೆ ಬಾಡಿಗೆ ಕಾರು ಬಂದಾಗ ಮಾಸ್ತರರು ಕೋಟು ತೊಟ್ಟು ಬಾಗಿಲಲ್ಲಿ ಸಿದ್ಧರಾಗಿ ನಿಂತಿದ್ದರಂತೆ. ಓಟ ಮುಗಿಯುವ ಸ್ಥಳದಲ್ಲಿ ಮಡಿಸುವ ಕುರ್ಚಿಯ ಮೇಲೆ ಕುಳಿತು, ತಮ್ಮ ಹಳೆಯ ಕೈಗಡಿಯಾರ ನೋಡಿ, "ಎರಡು ತಾಸು ಇಪ್ಪತ್ತಾರು ನಿಮಿಷ" ಎಂದು ಡೈರಿಯಲ್ಲಿ ಬರೆದುಕೊಂಡರು. ಆ ಡೈರಿಯನ್ನು ನನಗೂ ತೋರಿಸಿದ್ದಾರೆ. ಮಗ ಸೋಮವಾರವೂ ಉಳಿದ. ದೀರ್ಘ ಓಟದ ನೋವು ಮಾರನೆಯ ದಿನದಿಂದ ಮೂರನೆಯ ದಿನದವರೆಗೆ ಹೆಚ್ಚು. ಅಂದೇ ರಾತ್ರಿ ಬಸ್ಸಿನಲ್ಲಿ ಕಾಲು ಮಡಿಸಿ ಕುಳಿತರೆ ಮತ್ತಷ್ಟು ಬಿಗಿಯುತ್ತದೆ. ದೇಹಕ್ಕೆ ಬೇಕಾದ ವಿಶ್ರಾಂತಿಯೂ ತಾಯಿಗೆ ಬೇಕಾದ ದಿನವೂ ಒಂದೇ ಆಗಿತ್ತು!

ಕಳೆದ ನವೆಂಬರಿನ ಸಂಗತಿ ಬೇರೆ. ನಾಲ್ಕು ತಿಂಗಳ ಅಭ್ಯಾಸ ಮುಗಿಸಿ ಮಗ ಎಂದಿನಂತೆ ಗುರುವಾರ ಬಂದ. ಶುಕ್ರವಾರ ರಾತ್ರಿ ಮಾಸ್ತರರಿಗೆ ಜ್ವರ ಏರಿತು, ಕೆಮ್ಮು ಬಿಗಿಯಿತು. ಎದೆಯಲ್ಲಿ ಸೋಂಕಿದೆ, ಎರಡು ದಿನ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂದು ವೈದ್ಯರು ಹೇಳಿದರು. ಮಾಸ್ತರರು ಮಗನಿಗೆ "ರೊಕ್ಕ ಕಟ್ಟೀದಿ, ಹೋಗು" ಎಂದೇ ಹಟ ಹಿಡಿದರು. ಅವನು ಶನಿವಾರ ಚೀಟಿ ತರಲು ಮಂಗಳೂರಿಗೆ ಹೋಗಲಿಲ್ಲ. ಭಾನುವಾರ ನಸುಕಿನಲ್ಲಿ ತಂದೆ ಎಚ್ಚರಗೊಂಡು, "ನನ್ನ ಸಲುವಾಗಿ ನಿನ್ನ ಓಟ ತಪ್ಪಿತು" ಎಂದಾಗ ಮಗ ಅಂದನಂತೆ: "ನಾ ಮನಿಗೆ ಬಂದೀನಿ ಅಪ್ಪಾ. ಹ್ಯಾಂಗೂ ಬಂದೀನಿ ಅಂತ ಓಟಕ್ಕ ಹೋಗಾಂವ ಇದ್ದೆ, ಅಷ್ಟ." ಇದನ್ನು ನನಗೆ ಹೇಳಿದವರು ತಾಯಿ, ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ತರರು ಈಗ ಗುಣಮುಖರಾಗಿದ್ದಾರೆ.

ಓದುಗ ಬಂಧುಗಳೇ, ಅದೇ 'ಹೇಗೂ'. ಮೊದಲ ವರ್ಷ ಅದು ಮನೆಗೆ ಅಂಟಿಕೊಂಡಿತ್ತು. ಮೂರನೆಯ ವರ್ಷ ಓಟಕ್ಕೆ ಅಂಟಿಕೊಂಡಿತು. ಎರಡು ಕೆಲಸ ಕೂಡಿಸುವುದು ತಪ್ಪಲ್ಲ. ಯಾವುದು ಮೊದಲಿನದು, ಯಾವುದು 'ಹೇಗೂ' ಎಂಬುದು ಹೊರಡುವ ಮುನ್ನವೇ ಮನಸ್ಸಿಗೆ ಸ್ಪಷ್ಟವಿರಬೇಕು. ಓಟವೇ ಮೊದಲಿನದಾದ ವರ್ಷವೂ ಇರಬಹುದು. ಆಗ ಅದನ್ನು ಮನೆಯವರಿಗೆ ನೇರವಾಗಿ ಹೇಳಿ, ಭೇಟಿಗೆ ಬೇರೆ ದಿನಗಳನ್ನು ಇಡುವುದು ಧರ್ಮ. ಹಿರಿಯರು ನೋಯುವುದು ಎರಡನೆಯ ಸ್ಥಾನ ಸಿಕ್ಕಿದ್ದಕ್ಕಲ್ಲ; ಮೊದಲನೆಯದೆಂದು ನಂಬಿ ಜಗಲಿಯಲ್ಲಿ ಕಾದದ್ದಕ್ಕೆ.

ಕರೆಯುವ ಮನೆಯವರಿಗೂ ಒಂದು ಮಾತು. ದಾಸೋಹದ ಮನೆಯಲ್ಲಿ ಬಂದವರ ಹಸಿವನ್ನು ಅರಿತು ಬಡಿಸುವುದು ರೂಢಿ. ಓಡಲು ಬಂದ ಮಗಳೋ ಅಳಿಯನೋ ಹಿಂದಿನ ರಾತ್ರಿ ಕಡಿಮೆ ಉಂಡು ಬೇಗ ಮಲಗಿದರೆ ಅದನ್ನು ಅನಾದರವೆಂದು ಎಣಿಸಬಾರದು. ನೆರೆಹೊರೆಯವರನ್ನು ಅಂದೇ ಕರೆಯದೆ, ಓಟ ಮುಗಿದ ಮೇಲೆ ಕರೆಯಿರಿ. ಓಡುವುದು ಈ ವಯಸ್ಸಿನಲ್ಲಿ ಏಕೆ ಎಂದು ಹಂಗಿಸದೆ, ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿರಿ. ನಮ್ಮ ಮಾಸ್ತರರಂತೆ ಒಂದು ಡೈರಿಯಲ್ಲಿ ಬರೆದಿಟ್ಟರೆ ಇನ್ನೂ ಲೇಸು. ಬರುವ ನವೆಂಬರಿಗೆ ಅವರು ಈಗಲೇ ಒಂದು ಹಾಳೆಯನ್ನು ಖಾಲಿ ಬಿಟ್ಟಿದ್ದಾರೆ.